ಪೇತ್ರನ ಹೆಂಡತಿಗೆ ಹೆಸರಿಟ್ಟವರು ಯಾರು?

ಒಂಬತ್ತನೆಯ ತರಗತಿಯ ಹುಡುಗನೊಬ್ಬ ಚರ್ಚಿನ ಧರ್ಮೋಪದೇಶ ತರಗತಿಯ ಪರೀಕ್ಷೆಯಲ್ಲಿ ಅರ್ಧ ಪುಟದ ಉತ್ತರ ಬರೆದ. ‘ಸಂತ ಪೇತ್ರರ ಕುಟುಂಬದ ಬಗ್ಗೆ ಶುಭಸಂದೇಶಗಳಿಂದ ನಮಗೆ ತಿಳಿಯುವುದೇನು?’ ಎಂಬುದು ಪ್ರಶ್ನೆ. ಪೇತ್ರನ ಹೆಂಡತಿಯ ಹೆಸರು ಈಡನ್, ಆತನಿಗೆ ತೆರಿಗೆಯ ಬಾಕಿ ತೀರಿಸಲಾಗದಷ್ಟು ಇತ್ತು, ಅದರಿಂದ ಪಾರಾಗಲು ಸಬ್ಬತ್ ದಿನ ಮೀನು ಹಿಡಿಯುವವರ ಸುದ್ದಿಯನ್ನು ರೋಮನ್ನರಿಗೆ ಮುಟ್ಟಿಸಲು ಒಪ್ಪಿದ, ಮುಂದೆ ಹೆಂಡತಿಗೆ ಗರ್ಭ ನಿಲ್ಲದೆ ಹೋಗಿ ಮನೆಯಲ್ಲಿ ಮಾತೇ ನಿಂತುಹೋಯಿತು. ಹೀಗೆ ಎಲ್ಲವೂ ಅಚ್ಚುಕಟ್ಟಾಗಿ, ಕಾಗುಣಿತದ ತಪ್ಪಿಲ್ಲದೆ ಬಂದಿತ್ತು. ಕಲಿಸುವವರು ಇಡೀ ಉತ್ತರದ ಮೇಲೆ ಕೆಂಪು ಗೆರೆ ಎಳೆದು ಹತ್ತಕ್ಕೆ ಒಂದು ಅಂಕ ಕೊಟ್ಟಿದ್ದರು. ಕೊನೆಯ ಸಾಲಿನಲ್ಲಿ ‘ಪೇತ್ರನಿಗೆ ಒಬ್ಬ ಅತ್ತೆ ಇದ್ದಳು’ ಎಂದು ಬರೆದದ್ದಕ್ಕೆ ಆ ಒಂದು ಅಂಕ.

ಮನೆಯಲ್ಲಿ ಗದ್ದಲವಾಯಿತು. ತಂದೆ, ‘ಇನ್ನು ಮೇಲೆ ಆ ಧಾರಾವಾಹಿ ಬಂದ್. ಬೈಬಲ್ ಓದು ಅಂದರೆ ಮೊಬೈಲಿನಲ್ಲಿ ಬೈಬಲ್ ನೋಡ್ತಾನೆ’ ಎಂದರು. ತಾಯಿಯದು ಬೇರೆ ಮಾತು: ‘ಬೇರೆ ಮಕ್ಕಳು ಏನೇನು ನೋಡ್ತಾರೆ ಗೊತ್ತಾ ನಿಮಗೆ? ಇವನು ಯೇಸುಸ್ವಾಮಿಯನ್ನು ನೋಡಿದರೆ ಅದೂ ತಪ್ಪೇ?’ ಹುಡುಗನಿಗೆ ಅಂಕ ಹೋದ ದುಃಖಕ್ಕಿಂತ ಆಶ್ಚರ್ಯ ಹೆಚ್ಚು. ಪರದೆಯ ಮೇಲೆ ಅಷ್ಟು ಸ್ಪಷ್ಟವಾಗಿ ನಡೆದದ್ದು ಗ್ರಂಥದಲ್ಲಿ ಇಲ್ಲವೆಂದರೆ ಏನರ್ಥ? ಅಜ್ಜಿ ಮಾತ್ರ ಜಪಸರ ಹಿಡಿದು ಸುಮ್ಮನೆ ಕುಳಿತಿದ್ದರು.

ತಂದೆ ಹೇಳಿದ್ದರಲ್ಲೂ ತಾಯಿ ಹೇಳಿದ್ದರಲ್ಲೂ ಸತ್ಯವಿದೆ. ಹಾಗಾಗಿಯೇ ಪ್ರಶ್ನೆ ಸುಲಭದ್ದಲ್ಲ. ಧಾರ್ಮಿಕ ಕಥೆಯ ಧಾರಾವಾಹಿಗಳನ್ನು ಕಥೋಲಿಕ ಮನೆಯ ಮಕ್ಕಳು ನೋಡಬಹುದೇ? ನೋಡಿದರೆ ಹೇಗೆ ನೋಡಬೇಕು?

ಆ ಹುಡುಗ ನೋಡುತ್ತಿದ್ದದ್ದು ‘ದಿ ಚೋಸನ್’ ಎಂಬ ಅಮೆರಿಕದ ಧಾರಾವಾಹಿಯನ್ನು. ಯೇಸುಸ್ವಾಮಿಯ ಜೀವನವನ್ನು ಅವರ ಸುತ್ತಲಿದ್ದವರ ಕಣ್ಣಿನಿಂದ ತೋರಿಸುವ ಈ ಧಾರಾವಾಹಿಯ ಮೊದಲ ಭಾಗ 2019ರಲ್ಲಿ ಬಂತು. ಇದರ ನಿರ್ದೇಶಕ ಡಲ್ಲಾಸ್ ಜೆಂಕಿನ್ಸ್ ಕಥೋಲಿಕರಲ್ಲ, ಇವಾಂಜೆಲಿಕಲ್ ಪಂಥದವರು. ಯೇಸುಸ್ವಾಮಿಯ ಪಾತ್ರ ಮಾಡಿದ ಜೊನಾಥನ್ ರೂಮಿ ಕಥೋಲಿಕರು. ಯಾವ ದೊಡ್ಡ ಚಿತ್ರ ಸಂಸ್ಥೆಯನ್ನೂ ನೆಚ್ಚದೆ ಸಾವಿರಾರು ಸಾಮಾನ್ಯರಿಂದ ಹಣ ಕೂಡಿಸಿ ಮೊದಲ ಭಾಗ ತೆಗೆದರು. ಹಾಗೆ ಕೂಡಿದ ಹಣವೇ ಒಂದು ಕೋಟಿ ಡಾಲರಿಗೂ ಮೀರಿತ್ತು. ಚಿತ್ರಕಥೆಯನ್ನು ಒಬ್ಬ ಕಥೋಲಿಕ ಗುರು, ಒಬ್ಬ ಇವಾಂಜೆಲಿಕಲ್ ವಿದ್ವಾಂಸ, ಯೇಸುವನ್ನು ಮೆಸ್ಸೀಯನೆಂದು ಒಪ್ಪುವ ಯಹೂದಿ ಪಂಗಡದ ಒಬ್ಬ ರಬ್ಬಿ ಓದಿ ಸಲಹೆ ಕೊಡುತ್ತಾರೆ. ಎರಡನೆಯ ಭಾಗದ ಜೆರುಸಲೇಮ್ ದೃಶ್ಯಗಳನ್ನು ಯೂಟಾ ರಾಜ್ಯದಲ್ಲಿ ಮಾರ್ಮನ್ ಸಭೆಗೆ ಸೇರಿದ ಸೆಟ್ಟಿನಲ್ಲಿ ಚಿತ್ರೀಕರಿಸಿದರು. ನಿಕೊದೇಮನ ಪಾತ್ರದಲ್ಲಿ ಮನಸ್ಸು ಕಲಕುವಂತೆ ನಟಿಸಿದ ಎರಿಕ್ ಅವಾರಿ ಹುಟ್ಟಿದ್ದು ನಮ್ಮ ಡಾರ್ಜಿಲಿಂಗಿನಲ್ಲಿ ಎಂಬುದು ಹೆಚ್ಚು ಜನರಿಗೆ ತಿಳಿಯದ ಸಂಗತಿ. ಒಟ್ಟಿನಲ್ಲಿ ಹಲವು ಮನೆಯವರು ಸೇರಿ ಮಾಡಿದ ಅಡುಗೆ ಇದು. ಉಪ್ಪು ಯಾರು ಹಾಕಿದರು, ಹುಳಿ ಯಾರು ಹಿಂಡಿದರು ಎಂದು ಉಣ್ಣುವವರು ವಿಚಾರಿಸಿದರೆ ಆಕ್ಷೇಪಿಸುವಂತಿಲ್ಲ.

ಮೊದಲ ಐದು ಭಾಗಗಳಲ್ಲೇ ತಲಾ 8ರಂತೆ 40 ಕಂತುಗಳಿವೆ. ಶುಭಸಂದೇಶಗಳೋ ಬಹಳ ಚಿಕ್ಕವು. ಮಾರ್ಕನ ಶುಭಸಂದೇಶ 16 ಅಧ್ಯಾಯಗಳಲ್ಲಿ ಮುಗಿಯುತ್ತದೆ. ಗಟ್ಟಿಯಾಗಿ ಓದಿದರೂ ಒಂದು ಸಂಜೆಗೆ ಹೆಚ್ಚು. ಸುಂಕದವನಾದ ಮತ್ತಾಯನನ್ನು ಸ್ವಾಮಿ ಕರೆದದ್ದು, ಅವನು ಎದ್ದು ಹಿಂಬಾಲಿಸಿದ್ದು ಮತ್ತಾಯನ 9ನೆಯ ಅಧ್ಯಾಯದ ಒಂದೇ ವಚನ. ಅವನ ತಾಯಿತಂದೆ ಏನೆಂದರು, ಅವನ ಸ್ವಭಾವ ಎಂಥದ್ದು, ನೆರೆಯವರು ಅವನನ್ನು ಕಂಡರೆ ಏಕೆ ಉಗುಳುತ್ತಿದ್ದರು, ಒಂದೂ ಅಲ್ಲಿಲ್ಲ. ಧಾರಾವಾಹಿಯವರು ಮತ್ತಾಯನನ್ನು ಲೆಕ್ಕದಲ್ಲಿ ಅಸಾಧಾರಣ ಬುದ್ಧಿಯ, ಆದರೆ ಜನರೊಡನೆ ಬೆರೆಯಲಾರದ, ಆಟಿಸಂ ಲಕ್ಷಣಗಳುಳ್ಳ ಯುವಕನನ್ನಾಗಿ ಕಲ್ಪಿಸಿಕೊಂಡರು. ಅಂಥ ಮಕ್ಕಳಿರುವ ಎಷ್ಟೋ ಮನೆಗಳಿಗೆ ಈ ಪಾತ್ರ ಸಾಂತ್ವನವಾಗಬಹುದು. ಆದರೆ ಅದು ಕಲ್ಪನೆ. ಹೆಸರಿಲ್ಲದ ಪೇತ್ರನ ಹೆಂಡತಿಗೆ ಹೆಸರು ಬಂದದ್ದೂ ಹೀಗೆಯೇ. ಆಕೆಗೆ ಹೆಸರಿಟ್ಟವರು ಶುಭಸಂದೇಶಕಾರರಲ್ಲ, ಚಿತ್ರಕಥೆಗಾರರು.

ಕಲ್ಪನೆ ಎಂದ ಕೂಡಲೇ ಪಾಪ ಎನ್ನುವ ಹಾಗಿಲ್ಲ. ತಪಸ್ಸು ಕಾಲದ ಶುಕ್ರವಾರಗಳಲ್ಲಿ ಚರ್ಚುಗಳಲ್ಲಿ ನಡೆಯುವ ಶಿಲುಬೆ ಹಾದಿಯನ್ನೇ ನೋಡಿ. 14 ಸ್ಥಳಗಳಲ್ಲಿ ಯೇಸುಸ್ವಾಮಿ ಮೂರು ಬಾರಿ ಬೀಳುತ್ತಾರೆ. ವೆರೋನಿಕಾ ಎಂಬ ಹೆಂಗಸು ಅವರ ಮುಖ ಒರೆಸುತ್ತಾಳೆ. ನಾಲ್ಕು ಶುಭಸಂದೇಶಗಳಲ್ಲಿ ಎಲ್ಲಿ ಹುಡುಕಿದರೂ ಆ ಮೂರು ಬೀಳುವಿಕೆಯಾಗಲಿ ವೆರೋನಿಕಾಳಾಗಲಿ ಸಿಗುವುದಿಲ್ಲ. ಜಗದ್ಗುರು ಎರಡನೆಯ ಜಾನ್ ಪೌಲರು 1991ರಲ್ಲಿ ಪೂರ್ತಿ ಗ್ರಂಥಾಧಾರಿತವಾದ ಇನ್ನೊಂದು ಶಿಲುಬೆ ಹಾದಿಯನ್ನು ನಡೆಸಿದರು. ಆದರೆ ಹಳೆಯದನ್ನು ತೆಗೆದುಹಾಕಲಿಲ್ಲ. ಗೋದಲಿಯ ಕಥೆಯೂ ಅಷ್ಟೇ. ಅಸ್ಸಿಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಗ್ರೆಚ್ಚೊ ಎಂಬ ಊರಿನಲ್ಲಿ ನಿಜವಾದ ಎತ್ತು, ಕತ್ತೆಗಳನ್ನು ಕಟ್ಟಿ ಕ್ರಿಸ್ತಜಯಂತಿ ಆಚರಿಸಿದರು. ಯೇಸು ಹುಟ್ಟಿದ ಕಥೆಯಲ್ಲಿ ಲೂಕ ದನ ಮೇಯುವ ಗೋದಲಿಯನ್ನು ಹೇಳುತ್ತಾನೆ, ದನವನ್ನು ಹೇಳುವುದಿಲ್ಲ. ಪೂರ್ವದ ಜ್ಞಾನಿಗಳು ಮೂವರೆಂದು ಮತ್ತಾಯ ಎಣಿಸಿಲ್ಲ. ಕಾಣಿಕೆಗಳು ಮೂರು, ಆದ್ದರಿಂದ ತಂದವರೂ ಮೂವರು ಎಂದು ಜನ ಲೆಕ್ಕ ಹಾಕಿದರು. ಇನ್ನು ಯೇಸುಸಭೆಯ ಸ್ಥಾಪಕ ಸಂತ ಇಗ್ನಾಸಿಯವರು ತಮ್ಮ ‘ಆಧ್ಯಾತ್ಮಿಕ ಸಾಧನೆಗಳು’ ಗ್ರಂಥದಲ್ಲಿ, ಶುಭಸಂದೇಶದ ಘಟನೆಯನ್ನು ಕಣ್ಣೆದುರು ತಂದುಕೊಂಡು, ಅಲ್ಲಿಯ ಮಾತು ಕೇಳಿ, ಆ ಜಾಗದಲ್ಲಿ ತಾನೂ ಇದ್ದಂತೆ ಧ್ಯಾನಿಸಬೇಕೆಂದು ಕಲಿಸಿದರು. ಬೆತ್ಲೆಹೇಮಿಗೆ ಹೊರಟ ಮರಿಯಮ್ಮನವರು ಕತ್ತೆಯ ಮೇಲೆ ಕುಳಿತಂತೆ, ಜೊತೆಗೆ ಒಬ್ಬ ಸೇವಕಿಯೂ ಒಂದು ಎತ್ತೂ ಇದ್ದಂತೆ ಅವರು ಚಿತ್ರಿಸುತ್ತಾರೆ. ಸೇವಕಿ ಶುಭಸಂದೇಶದಲ್ಲಿಲ್ಲ. ಚಿತ್ರಕಥೆಗಾರರಿಗಿಂತ 400 ವರ್ಷಕ್ಕೂ ಹಿಂದೆ ಒಬ್ಬ ಸಂತರು ಸೇರಿಸಿದ ಪಾತ್ರ ಅದು!

ಧರ್ಮಸಭೆ ದೃಶ್ಯಮಾಧ್ಯಮವನ್ನು ಕಂಡು ಓಡಿಹೋದದ್ದಿಲ್ಲ. ಕಾಯಿಲೆಯಿಂದ ಮಲಗಿದ್ದ ಸಂತ ಕ್ಲಾರಮ್ಮನವರಿಗೆ ಕ್ರಿಸ್ತಜಯಂತಿಯ ರಾತ್ರಿ ದೂರದ ಚರ್ಚಿನ ಆರಾಧನೆ ತಮ್ಮ ಕೋಣೆಯಲ್ಲೇ ಕಂಡಿತೆಂಬ ಕಥೆಯಿದೆ. ಅದನ್ನೇ ನೆಪವಾಗಿಟ್ಟುಕೊಂಡು ಹನ್ನೆರಡನೆಯ ಪಿಯುಸ್ ಜಗದ್ಗುರುಗಳು 1958ರಲ್ಲಿ ಅವರನ್ನು ಟಿ.ವಿ.ಯ ಪಾಲಕ ಸಂತರೆಂದು ಸಾರಿದರು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಸಂಪರ್ಕ ಮಾಧ್ಯಮಗಳ ಬಗ್ಗೆಯೇ ಒಂದು ನಿರ್ಣಯ ಹೊರಡಿಸಿತು. ಅದರಲ್ಲಿ ಕಿರಿಯರಿಗೆ ಹೇಳಿರುವುದು ‘ನೋಡಬೇಡಿ’ ಎಂದಲ್ಲ. ಹಿತಮಿತವಾಗಿ ನೋಡಿ, ನೋಡಿದ್ದನ್ನು ಅಧ್ಯಾಪಕರೊಡನೆ, ತಿಳಿದವರೊಡನೆ ಚರ್ಚಿಸಿ, ಸರಿತಪ್ಪು ತೂಗುವುದನ್ನು ಕಲಿಯಿರಿ ಎಂದು. ಮನೆಯೊಳಗೆ ಬರಬಾರದ್ದು ಬಾರದಂತೆ ಕಾಯುವ ಹೊಣೆಯನ್ನು ತಂದೆತಾಯಿಯರ ಮೇಲೆ ಹೊರಿಸಿದೆ. ಸಿನಿಮಾಕ್ಕೆ ನೂರು ವರ್ಷ ತುಂಬಿದ 1995ರಲ್ಲಿ ವ್ಯಾಟಿಕನ್ 45 ಒಳ್ಳೆಯ ಚಿತ್ರಗಳ ಪಟ್ಟಿ ಮಾಡಿತು. ನಮ್ಮ ಮಹಾತ್ಮರ ಕಥೆಯ ‘ಗಾಂಧಿ’ಯೂ ಅದರಲ್ಲಿದೆ. ಧಾರ್ಮಿಕ ಚಿತ್ರಗಳ ಸಾಲಿನಲ್ಲಿ ಪಾಸೊಲಿನಿಯ ‘ಮತ್ತಾಯನ ಶುಭಸಂದೇಶ’ ಇದೆ. ಪಾಸೊಲಿನಿ ಮಾರ್ಕ್ಸ್‌ವಾದಿ, ದೇವರನ್ನು ನಂಬದವರು. ಆದರೂ 1964ರ ಆ ಕಪ್ಪುಬಿಳುಪು ಚಿತ್ರದ ಸಂಭಾಷಣೆಯನ್ನು ನೇರವಾಗಿ ಮತ್ತಾಯನಿಂದಲೇ ಎತ್ತಿಕೊಂಡರು. ತೆಗೆದವನ ಮತ ನೋಡಿ ಚಿತ್ರದ ಬೆಲೆ ಕಟ್ಟಲಾಗದು ಎನ್ನಲು ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇದಕ್ಕೆ ಎದುರಾದ ಉದಾಹರಣೆಯೂ ಉಂಟು. ಇಟಲಿಯ ಫ್ರಾಂಕೊ ಝೆಫಿರೆಲ್ಲಿ ಕಥೋಲಿಕರು. ಅವರು ಟಿ.ವಿ.ಗಾಗಿ ತೆಗೆದ ‘ನಜರೇತಿನ ಯೇಸು’ 1977ರಲ್ಲಿ ಪ್ರಸಾರವಾಗುವ ಮೊದಲೇ ಅಮೆರಿಕದ ಕೆಲವು ಪ್ರಾಟೆಸ್ಟೆಂಟ್ ಮುಖಂಡರು ಪ್ರತಿಭಟನೆ ಎಬ್ಬಿಸಿದರು. ಯೇಸುವನ್ನು ಸಾಧಾರಣ ಮನುಷ್ಯನಂತೆ ತೋರಿಸುವೆನೆಂದು ನಿರ್ದೇಶಕರು ಸಂದರ್ಶನದಲ್ಲಿ ಹೇಳಿದ್ದಷ್ಟೇ ಸಾಕಾಯಿತು. ಪ್ರಾಯೋಜಕರಾಗಿದ್ದ ಜನರಲ್ ಮೋಟಾರ್ಸ್ ಹಿಂದೆ ಸರಿಯಿತು. ಗದ್ದಲವೆಬ್ಬಿಸಿದ ಮುಖಂಡರು ಚಿತ್ರವನ್ನು ನೋಡಿರಲೇ ಇಲ್ಲ! ಪ್ರಸಾರವಾದ ಮೇಲೆ ಅದು ಎಲ್ಲ ಪಂಥದವರ ಮನೆಯ ಚಿತ್ರವಾಯಿತು. ನೋಡದೆ ಬೈಯುವ ಚಾಳಿ ಯಾವ ಒಂದು ಮತದವರ ಸ್ವತ್ತೂ ಅಲ್ಲ.

ಹಾಗಾದರೆ ‘ದಿ ಚೋಸನ್’ ಬಗ್ಗೆ ಕಥೋಲಿಕರ ಆಕ್ಷೇಪಗಳು ಬರೀ ಅಂಜಿಕೆಯೇ? ಅಲ್ಲ. ಎರಡನೆಯ ಭಾಗದ ಮೂರನೆಯ ಕಂತಿನಲ್ಲಿ, ರಾತ್ರಿ ಬೆಂಕಿಯ ಸುತ್ತ ಕುಳಿತ ಶಿಷ್ಯರಿಗೆ ಮರಿಯಮ್ಮನವರು ಮಗ ಹುಟ್ಟಿದ ಹೊತ್ತನ್ನು ನೆನೆದು ಹೇಳುವ ದೃಶ್ಯವಿದೆ. ಹುಟ್ಟಿದ ಕೂಸನ್ನು ಒರೆಸಿ ಶುಚಿ ಮಾಡಬೇಕಾಯಿತು, ಅದು ಚಳಿಯಲ್ಲಿ ಅಳುತ್ತಿತ್ತು ಎನ್ನುತ್ತಾರೆ. ತಾಯಂದಿರ ಕಣ್ಣು ಒದ್ದೆಯಾಗುವ ದೃಶ್ಯ. ಆದರೆ ಮರಿಯಮ್ಮನವರು ಹೆರಿಗೆಗೆ ಮೊದಲು, ಹೆರಿಗೆಯಲ್ಲಿ, ಹೆರಿಗೆಯ ನಂತರವೂ ಕನ್ಯೆಯೇ ಎಂಬುದು ಕಥೋಲಿಕ ಧರ್ಮಸಭೆಯ ಬಹು ಹಳೆಯ ಬೋಧನೆ. ಆ ಹೆರಿಗೆ ಎಲ್ಲರ ಹೆರಿಗೆಯಂತಲ್ಲ ಎಂದೇ ಪರಂಪರೆ ಹೇಳಿಕೊಂಡು ಬಂದಿದೆ. ಅದನ್ನು ಪ್ರಾಟೆಸ್ಟೆಂಟರು ಸಾಮಾನ್ಯವಾಗಿ ಆ ರೀತಿ ಹೇಳುವುದಿಲ್ಲ. ಇಲ್ಲಿ ಧಾರಾವಾಹಿ ಒಂದು ಪಕ್ಷದ ಕಡೆ ವಾಲಿದೆ, ಅದೂ ವಾದ ಮಾಡದೆ, ಸುಮ್ಮನೆ ತೋರಿಸಿ. ವಾದ ಮಾಡಿದ್ದರೆ ಹುಡುಗರು ಎದುರು ವಾದ ಹೂಡಬಹುದಿತ್ತು. ಕಣ್ಣಿಗೆ ತೋರಿಸಿದ್ದಕ್ಕೆ ಎದುರಾಡುವುದು ಕಷ್ಟ.

ಎರಡನೆಯ ಭಾಗದ ಕೊನೆಯಲ್ಲಿ ಯೇಸುಸ್ವಾಮಿ ಬೆಟ್ಟದ ಪ್ರಸಂಗವನ್ನು ಮೊದಲೇ ಸಿದ್ಧ ಮಾಡಿಕೊಳ್ಳುತ್ತಾರೆ, ಮತ್ತಾಯನನ್ನು ಕೂರಿಸಿಕೊಂಡು ಮಾತು ತಿದ್ದುತ್ತಾರೆ. ದೇವರಿಗೆ ತಾಲೀಮೇ ಎಂದು ಕೆಲವರು ಸಿಟ್ಟಾದರು. ಈ ಸಿಟ್ಟು ಅಷ್ಟು ಗಟ್ಟಿಯಾದದ್ದಲ್ಲ. ಯೇಸು ಬೆಳೆಯುತ್ತಾ ಜ್ಞಾನದಲ್ಲೂ ಬೆಳೆದರೆಂದು ಲೂಕನೇ ಎರಡನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವೂ ಅವರ ಮಾನವ ಜ್ಞಾನ ನಿಜವಾದದ್ದೆಂದು ಒಪ್ಪುತ್ತದೆ. ಚರ್ಚೆಗೆ ಒಳ್ಳೆಯ ವಿಷಯ, ನಿಷೇಧಕ್ಕಲ್ಲ.

ನಿಜಕ್ಕೂ ಗೆರೆ ದಾಟಿದ ಜಾಗ ಬೇರೆ ಇದೆ. ನಾಲ್ಕನೆಯ ಭಾಗದಲ್ಲಿ (2024) ತೋಮನ ಮದುವೆಯಾಗಬೇಕಿದ್ದ ರಾಮಾ ಎಂಬ ಹುಡುಗಿಯನ್ನು ರೋಮನ್ ಅಧಿಕಾರಿ ಕೊಲ್ಲುತ್ತಾನೆ. ತೋಮ ಅಂಗಲಾಚುತ್ತಾನೆ. ಯೇಸುಸ್ವಾಮಿ ಆಕೆಯನ್ನು ಎಬ್ಬಿಸುವುದಿಲ್ಲ. ಆ ಹುಡುಗಿಯೂ ಕಲ್ಪನೆ, ಸಾವೂ ಕಲ್ಪನೆ. ಅಷ್ಟಾದರೆ ಪೇತ್ರನ ಹೆಂಡತಿಯ ಹೆಸರಿನಂತೆ ಅದನ್ನೂ ಬಿಡಬಹುದಿತ್ತು. ಆದರೆ ಇಲ್ಲಿ ಯೇಸುಸ್ವಾಮಿ ಮಾಡದಿದ್ದ ಒಂದು ನಿರಾಕರಣೆಯನ್ನು ಅವರ ಮೇಲೆ ಹೊರಿಸಿದಂತಾಯಿತು. ಶುಭಸಂದೇಶಗಳಲ್ಲಿ ಸತ್ತವರ ಎದುರು ಅವರನ್ನು ಕರೆತಂದಾಗ, ಯಾಯೀರನ ಮಗಳಾಗಲಿ ನಾಯಿನ್ ಊರಿನ ವಿಧವೆಯ ಮಗನಾಗಲಿ ಲಾಜರನಾಗಲಿ, ಎದ್ದವರೇ. ಮುಂದೆ ತೋಮ ಪುನರುತ್ಥಾನವನ್ನು ನಂಬಲು ಹಿಂದೆಮುಂದೆ ನೋಡಿದ್ದಕ್ಕೆ ಈ ಪ್ರಸಂಗ ಕಾರಣವಾಗಿ ಒದಗುತ್ತದೆ. ಕಥೆಗಾರರಿಗೆ ಅನುಕೂಲ, ಆದರೆ ಯೊವಾನ್ನನ ಶುಭಸಂದೇಶದ ತೋಮನಿಗೆ ಅಂಥ ಸಮಜಾಯಿಷಿ ಏನೂ ಇಲ್ಲ, ಕಣ್ಣಾರೆ ಕಾಣದೆ ನಂಬೆ ಎಂದವನು ಅವನು, ಅಷ್ಟೆ. ಕ್ರಿ.ಶ. 52ರಲ್ಲಿ ಕೇರಳಕ್ಕೆ ಬಂದು ಮೈಲಾಪುರದ ಬಳಿ ಪ್ರಾಣ ಕೊಟ್ಟನೆಂದು ಪರಂಪರೆ ಹೇಳುವ ಪ್ರೇಷಿತನ ವಿಷಯ ಇದು. ಭಾರತದ ಕಥೋಲಿಕರು ಇದನ್ನು ಕೊಂಚ ಹೆಚ್ಚೇ ಎಚ್ಚರದಿಂದ ನೋಡಬೇಕಾಗುತ್ತದೆ.

ವಿದ್ಯಾರ್ಥಿಗಳಿಗೆ ಇದನ್ನೆಲ್ಲ ಹೇಗೆ ತಿಳಿಸುವುದು? ಅವರ ವಿಜ್ಞಾನ ಪುಸ್ತಕವೇ ಸಹಾಯಕ್ಕಿದೆ. ರಕ್ತ ಪರಿಚಲನೆಯ ಚಿತ್ರದಲ್ಲಿ ಅಪಧಮನಿಗೆ ಕೆಂಪು, ಅಭಿಧಮನಿಗೆ ನೀಲಿ ಬಣ್ಣ ಬಳಿದಿರುತ್ತದೆ. ಎರಡನ್ನೂ ಬೇರೆಯಾಗಿ ಗುರುತಿಸಲಿ ಎಂದು ಮಾಡಿದ ಉಪಾಯ ಅದು. ಪ್ರತಿ ವರ್ಷವೂ ತರಗತಿಗೊಬ್ಬ ಹುಡುಗನಾದರೂ ‘ಆಮ್ಲಜನಕ ಕಡಿಮೆಯಿರುವ ರಕ್ತ ನೀಲಿಯಾಗಿರುತ್ತದೆ’ ಎಂದು ಬರೆದು ಅಂಕ ಕಳೆದುಕೊಳ್ಳುತ್ತಾನೆ. ಮನುಷ್ಯನ ರಕ್ತ ಎಲ್ಲಿದ್ದರೂ ಕೆಂಪೇ. ಆಮ್ಲಜನಕ ಕಡಿಮೆಯಾದರೆ ಕಪ್ಪಗಿನ ಕೆಂಪು, ಅಷ್ಟೆ. ಚಿತ್ರ ಬರೆದವನು ಸುಳ್ಳು ಹೇಳಲಿಲ್ಲ, ಹುಡುಗನೂ ಸುಳ್ಳು ಹೇಳಲಿಲ್ಲ. ಚಿತ್ರವನ್ನು ಫೋಟೋ ಎಂದುಕೊಂಡದ್ದರಲ್ಲಿ ತಪ್ಪಾಯಿತು. ಇದಕ್ಕೆಂದು ನೀಲಿ ಬಣ್ಣದ ಚಿತ್ರವನ್ನು ಪುಸ್ತಕದಿಂದ ಹರಿದೆಸೆದರೆ ಉಳಿದ ಮಕ್ಕಳಿಗೆ ರಕ್ತ ಹರಿಯುವ ದಾರಿಯೇ ತಿಳಿಯದು. ‘ದಿ ಚೋಸನ್’ ಮೊದಲ ಕಂತಿನ ಆರಂಭದಲ್ಲೇ, ಕೆಲವು ಪಾತ್ರ, ಮಾತು, ಹಿನ್ನೆಲೆಗಳನ್ನು ಸೇರಿಸಲಾಗಿದೆ, ಸ್ಥಳ ಕಾಲಗಳನ್ನು ಕೂಡಿಸಲಾಗಿದೆ, ಶುಭಸಂದೇಶಗಳನ್ನು ಓದಿರಿ ಎಂಬ ಸೂಚನೆ ಬರುತ್ತದೆ. ಚಿತ್ರದ ಕೆಳಗಿನ ಸಣ್ಣಕ್ಷರದಂತೆ ಅದನ್ನೂ ಯಾರೂ ಓದುವುದಿಲ್ಲ.

ಇನ್ನೊಂದು ಸಂಗತಿ ಮುಖದ್ದು. 1987ರಲ್ಲಿ ದೂರದರ್ಶನದಲ್ಲಿ ‘ರಾಮಾಯಣ’ ಬರುತ್ತಿದ್ದಾಗ ಟಿ.ವಿ.ಗೇ ಹಾರ ಹಾಕಿ ಕುಂಕುಮವಿಟ್ಟ ಮನೆಗಳಿದ್ದವು. ರಾಮನಾಗಿದ್ದ ಅರುಣ್ ಗೋವಿಲ್ ಎದುರು ಬಂದರೆ ಜನ ಕಾಲಿಗೆ ಬೀಳುತ್ತಿದ್ದರು. ತೆಲುಗಿನ ‘ಕರುಣಾಮಯುಡು’ (1978) ಹಲವು ಭಾಷೆಗಳಿಗೆ ಡಬ್ ಆಗಿ ಹಳ್ಳಿ ಹಳ್ಳಿಗಳಲ್ಲಿ ಪ್ರದರ್ಶನಗೊಂಡ ಕಾಲದಲ್ಲಿ ಎಷ್ಟೋ ಜನರಿಗೆ ಯೇಸುವೆಂದರೆ ವಿಜಯಚಂದರ್ ಮುಖವೇ. ಈಗ ಆ ಜಾಗದಲ್ಲಿ ಜೊನಾಥನ್ ರೂಮಿ ಬಂದಿದ್ದಾರೆ. ಅವರೇ ಜಪದ ಆ್ಯಪಿನಲ್ಲಿ ಪ್ರಾರ್ಥನೆ ನಡೆಸುವುದರಿಂದ, ನಟ ಎಲ್ಲಿ ಮುಗಿದ, ಪಾತ್ರ ಎಲ್ಲಿ ಶುರುವಾಯಿತು ಎಂದು ಎಳೆಯ ಮಕ್ಕಳಿಗೆ ತಿಳಿಯುವುದಿಲ್ಲ. 2024ರಲ್ಲಿ ಇಂಡಿಯಾನಾಪೊಲಿಸಿನಲ್ಲಿ ನಡೆದ ಅಮೆರಿಕದ ಪರಮಪ್ರಸಾದ ಸಮಾವೇಶದಲ್ಲಿ ಅವರು ಮಾತನಾಡಿದ್ದು ಪರಮಪ್ರಸಾದದ ಬಗ್ಗೆ. ಕಥೋಲಿಕರಿಗೆ ಯೇಸುಸ್ವಾಮಿ ಪರದೆಯ ಮೇಲಲ್ಲ, ಅಲ್ಲಿದ್ದಾರೆ. 40 ಕಂತು ನೋಡಿಯೂ ಭಾನುವಾರ ಬಲಿಪೂಜೆಗೆ ಹೋಗಲು ಹಾಸಿಗೆ ಬಿಡದ ಹುಡುಗನ ಮನೆಯವರು ಯೋಚಿಸಬೇಕಾದದ್ದು ಧಾರಾವಾಹಿಯ ಕಲ್ಪನೆಗಳ ಬಗ್ಗೆ ಅಲ್ಲ.

ತೀರ ಚಿಕ್ಕವರ ವಿಷಯದಲ್ಲಿ ತಂದೆತಾಯಿ ಮೊದಲು ತಾವು ನೋಡುವುದು ಒಳ್ಳೆಯದು. ಮೊದಲ ಕಂತಿನಲ್ಲೇ ದೆವ್ವ ಮೆಟ್ಟಿದ ಮಗ್ದಲದ ಮರಿಯಳ ದೃಶ್ಯಗಳಿವೆ. ಆರೇಳು ವರ್ಷದ ಮಗು ರಾತ್ರಿ ನಿದ್ದೆಗೆಡಬಹುದು. ಹೈಸ್ಕೂಲಿನವರಿಗೆ ಬೇಕಾದದ್ದು ಬೇರೆ: ಪಕ್ಕದಲ್ಲಿ ಒಂದು ಬೈಬಲ್, ಕೇಳಿದರೆ ಗದರದ ಒಬ್ಬ ಹಿರಿಯರು.

ಆ ಮನೆಯಲ್ಲಿ ಕೊನೆಗೆ ಆದದ್ದೂ ಇದೇ. ಮೂರು ದಿನ ಮೊಬೈಲು ಬೀರುವಿನಲ್ಲಿತ್ತು. ನಾಲ್ಕನೆಯ ಸಂಜೆ ಜಪ ಮುಗಿದ ಮೇಲೆ ಅಜ್ಜಿ ಮೊಮ್ಮಗನನ್ನು ಕರೆದರು. ‘ಒಂದು ಅಂಕ ಯಾವುದಕ್ಕೆ ಬಂತೋ ಮಗಾ?’

‘ಪೇತ್ರನ ಅತ್ತೆಗೆ, ಅಜ್ಜಿ.’

‘ಅದು ಎಲ್ಲೈತೆ ನೋಡು. ನನಗೆ ಕಣ್ಣು ಕಾಣಲ್ಲ, ಓದಿ ಹೇಳು.’

ಹುಡುಗ ಮಾರ್ಕನ ಮೊದಲ ಅಧ್ಯಾಯದಲ್ಲಿ ಹುಡುಕಿ ಓದಿದ. ಅತ್ತೆ ಜ್ವರದಿಂದ ಮಲಗಿದ್ದಳು. ಸ್ವಾಮಿ ಕೈ ಹಿಡಿದು ಎಬ್ಬಿಸಿದರು. ಜ್ವರ ಬಿಟ್ಟಿತು. ಆಕೆ ಎದ್ದು ಅವರಿಗೆ ಉಪಚಾರ ಮಾಡಿದಳು. ಬರೀ ಮೂರು ವಚನ.

‘ಅಷ್ಟೇನಾ?’

‘ಅಷ್ಟೇ ಅಜ್ಜಿ. ಹೆಂಡತಿ ಹೆಸರು ಎಲ್ಲೂ ಇಲ್ಲ.’

‘ಅಯ್ಯೋ ಪಾಪ, ಜ್ವರ ಬಿಟ್ಟ ಗಳಿಗೇಲೇ ಒಲೆ ಮುಂದೆ ನಿಂತಳಾ?’ ಎಂದು ಅಜ್ಜಿ ನಕ್ಕರು. ಒಂದಿಷ್ಟು ಹೊತ್ತು ಸುಮ್ಮನಿದ್ದು ಕೇಳಿದರು: ‘ಆ ಧಾರಾವಾಹಿಯಲ್ಲಿ ಇದನ್ನ ಹೆಂಗೆ ತೋರಿಸವ್ರೆ? ನಿಮ್ಮಪ್ಪನ್ನ ಕೇಳಿ ಮೊಬೈಲು ತಗೊಂಬಾ, ನಾನೂ ನೋಡ್ತೀನಿ.’